ಬಾಲ್ಕನಿ ಗ್ರಿಲ್‌ಗೆ ಬಾಗಿಲಿಡಿಸದೆ ವೆಲ್ಡಿಂಗ್‌ಗೆ ಒಪ್ಪಬೇಡಿ

2021ರ ಸೆಪ್ಟೆಂಬರ್ 21ರಂದು ಬೆಂಗಳೂರಿನ ದೇವರಚಿಕ್ಕನಹಳ್ಳಿಯ ಅಪಾರ್ಟ್‌ಮೆಂಟೊಂದಕ್ಕೆ ಬೆಂಕಿ ಬಿದ್ದು ತಾಯಿ, ಮಗಳು ತೀರಿಕೊಂಡರು. ಬಾಲ್ಕನಿವರೆಗೆ ಬಂದವರಿಗೂ ಅಲ್ಲಿಂದ ಆಚೆ ದಾರಿಯಿರಲಿಲ್ಲ. ಅಡ್ಡ ಇದ್ದದ್ದು ಕಬ್ಬಿಣದ ಗ್ರಿಲ್. ಕೆಳಗೆ ಜನ ನಿಂತು ನೋಡುತ್ತಿದ್ದರು, ಯಾರಿಗೂ ಏನೂ ಮಾಡಲಾಗಲಿಲ್ಲ. ಅಂಥದ್ದೇ ಗ್ರಿಲ್‌ಗಳು ಇವತ್ತಿಗೂ ಬೀದಿಬೀದಿಯಲ್ಲಿ ಕಾಣುತ್ತವೆ.

ಗ್ರಿಲ್ ಬೇಡವೆನ್ನುತ್ತಿಲ್ಲ. ಕಳ್ಳರ ಭಯ, ಪಾರಿವಾಳದ ಕಾಟ, ಮಕ್ಕಳು ಬಗ್ಗಿ ನೋಡುವ ಆತಂಕ, ಎಲ್ಲವೂ ನಿಜ. ಆದರೆ ನಾಲ್ಕೂ ಕಡೆ ಗೋಡೆಗೆ ಬಿಗಿದು ವೆಲ್ಡ್ ಮಾಡಿಬಿಟ್ಟರೆ ಬಾಲ್ಕನಿಯೇ ಪಂಜರವಾಗುತ್ತದೆ. ಗ್ರಿಲ್ ಅಂಗಡಿಯವರಿಗೆ ಅಳತೆ ಕೊಡುವಾಗಲೇ ತೆರೆಯುವ ಬಾಗಿಲೊಂದನ್ನು ಹೇಳಿ: ಕನಿಷ್ಠ ಎರಡಡಿ ಅಗಲ, ಮೂರಡಿ ಎತ್ತರ. ಇಷ್ಟು ಏಕೆಂದರೆ, ಏಣಿ ಹತ್ತಿ ಬರುವ ಅಗ್ನಿಶಾಮಕ ಸಿಬ್ಬಂದಿಯ ಬೆನ್ನ ಮೇಲೆ ಉಸಿರಾಟದ ಸಿಲಿಂಡರ್ ಇರುತ್ತದೆ. ಕಿರಿದಾದ ಕಿಂಡಿಯಲ್ಲಿ ಅವರು ತೂರಲಾರರು. ಬಾಗಿಲಿನ ಕೆಳಅಂಚು ನೆಲದಿಂದ ಮೂರಡಿಗಿಂತ ಮೇಲಿರಬಾರದು, ವಯಸ್ಸಾದವರು ಕಾಲೆತ್ತಿ ದಾಟಬೇಕಲ್ಲ. ಅದು ಹೊರಗೆ ತೆರೆಯಲಿ. ಒಳಗೆ ತೆರೆಯುವಂತಿದ್ದರೆ ವಾಷಿಂಗ್ ಮಷಿನ್ನೋ ಬಟ್ಟೆ ಸ್ಟ್ಯಾಂಡೋ ಅಡ್ಡ ಬರುತ್ತದೆ. ಎಸಿಯ ಹೊರಗಿನ ಯುನಿಟ್ ಕೂರಿಸುವ ಜಾಗದಲ್ಲಂತೂ ಇಡಿಸಲೇಬೇಡಿ.

ಬೀಗಕ್ಕಿಂತ ಒಳಚಿಲಕ ವಾಸಿ. ಮಗುವಿದ್ದರೆ ಚಿಲಕವನ್ನು ಐದಡಿ ಎತ್ತರಕ್ಕೆ ಹಾಕಿಸಿ. ಬೀಗ ಹಾಕಲೇಬೇಕೆಂದರೆ ಕೀಲಿಯನ್ನು ಬೀರುವಿನಲ್ಲಿಡದೆ, ಬಾಲ್ಕನಿ ಬಾಗಿಲ ಒಳಪಕ್ಕದ ಮೊಳೆಗೆ ದಾರ ಕಟ್ಟಿ ನೇತುಹಾಕಿ. ಕಪ್ಪು ಹೊಗೆಯಲ್ಲಿ ಕಣ್ಣು ಕಾಣುವುದಿಲ್ಲ. ಕೈ ತಡವಿಯೇ ತೆರೆಯಬೇಕು. ಒಮ್ಮೆ ಕಣ್ಣು ಮುಚ್ಚಿಕೊಂಡು ತೆರೆದು ನೋಡಿ. ಬಣ್ಣ ಬಳಿಸಿದ ಮೇಲೆ ಕೀಲು ಅಂಟಿಕೊಳ್ಳುತ್ತದೆ, ಒಂದು ಮಳೆಗಾಲಕ್ಕೆ ತುಕ್ಕು ಕಚ್ಚುತ್ತದೆ. ತಿಂಗಳಿಗೊಮ್ಮೆ ತೆರೆದು ಎಣ್ಣೆ ಬಿಡಿ. ಈಗ ಹೆಚ್ಚು ಹಾಕಿಸುತ್ತಿರುವ ತೆಳು ಸ್ಟೀಲ್ ತಂತಿಯ ‘ಇನ್‌ವಿಸಿಬಲ್ ಗ್ರಿಲ್’ ಕೂಡ ಕೈಗೆ ಹರಿಯುವುದಲ್ಲ. ಅದಿದ್ದರೆ ತಂತಿ ಕಟರ್ ಒಂದನ್ನು ಅಲ್ಲೇ ತೂಗುಹಾಕಿ.

‘ಇದನ್ನೆಲ್ಲ ಫೈರ್ ಡಿಪಾರ್ಟ್‌ಮೆಂಟಿನವರು ನೋಡಿರುತ್ತಾರೆ’ ಎಂಬ ನಂಬಿಕೆಯಿದೆ. ಅದೇ ದೊಡ್ಡ ಅಪಾಯ. ರಾಷ್ಟ್ರೀಯ ಕಟ್ಟಡ ಸಂಹಿತೆಯನ್ನು ರೂಪಿಸುವುದು ಭಾರತೀಯ ಮಾನಕ ಬ್ಯೂರೋ. 2016ರ ಆವೃತ್ತಿಯಲ್ಲಿ ನಾಲ್ಕನೇ ಭಾಗವೇ ಅಗ್ನಿ ಸುರಕ್ಷತೆ. ಆದರೆ ಅದು ಶಿಫಾರಸು ಮಾತ್ರ. ರಾಜ್ಯದ ಕಾನೂನಿಗೋ ಪಾಲಿಕೆಯ ಬೈಲಾಗೋ ಸೇರಿದಷ್ಟೇ ಕಡ್ಡಾಯ. ಸಂಹಿತೆ 15 ಮೀಟರಿನಿಂದಲೇ ಬಹುಮಹಡಿ ಎನ್ನುತ್ತದೆ. ಕರ್ನಾಟಕದಲ್ಲಿ ಅಗ್ನಿಶಾಮಕ ಇಲಾಖೆಯ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಬೇಕಾಗುವ ಗೆರೆ 21 ಮೀಟರ್. 30×40 ಸೈಟಿನಲ್ಲಿ ಸ್ಟಿಲ್ಟ್ (ಪಾರ್ಕಿಂಗಿಗೆ ಬಿಟ್ಟ ಕಂಬಗಳ ನೆಲಮಹಡಿ) ಮೇಲೆ ನಾಲ್ಕು ಮಹಡಿ ಎಬ್ಬಿಸಿದ ಬಾಡಿಗೆ ಮನೆಗಳು ಇದಕ್ಕಿಂತ ಕೆಳಗೇ ಉಳಿಯುತ್ತವೆ. ಎತ್ತರದ ಕಟ್ಟಡದಲ್ಲೂ ತಪಾಸಣೆ ನಡೆಯುವುದು ಬಿಲ್ಡರ್ ಬಿಟ್ಟುಕೊಡುವ ಮೊದಲು. ಗ್ರಿಲ್ ಏರುವುದು ಗೃಹಪ್ರವೇಶದ ಆಸುಪಾಸಿನಲ್ಲಿ.

ಎತ್ತರದ ಕಟ್ಟಡದಲ್ಲಿ ಫ್ಲ್ಯಾಟ್ ಕೊಳ್ಳುವವರು ಕಾಗದಗಳನ್ನು ನೋಡುವಾಗ ಮೋಸಹೋಗಬೇಡಿ. ಎನ್‌ಒಸಿ ಕೊಡುವುದು ನಕ್ಷೆ ನೋಡಿ, ಕಟ್ಟುವ ಮೊದಲು. ಪಂಪು, ಪೈಪು, ಹೋಸ್, ಅಲಾರಂ ಹಾಕಿದ ಮೇಲೆ ಸ್ಥಳ ನೋಡಿ ಕೊಡುವುದು ಕ್ಲಿಯರೆನ್ಸ್ ಸರ್ಟಿಫಿಕೇಟ್. ‘ಫೈರ್ ಎನ್‌ಒಸಿ ಇದೆ ಸಾರ್’ ಎಂದು ಮೊದಲನೆಯದನ್ನಷ್ಟೇ ತೋರಿಸಿದರೆ ಎರಡನೆಯದನ್ನೂ ಕೇಳಿ, ಅದರ ನವೀಕರಣ ಆಗಿದೆಯೇ ಎಂದೂ ಕೇಳಿ. ಆಮೇಲೆ ಪಂಪ್ ರೂಮಿಗೇ ಹೋಗಿ ಪ್ಯಾನೆಲ್ ಮೇಲಿನ ಸ್ವಿಚ್ ನೋಡಿ. ಪೈಪ್ ಸೋರಿ ಪಂಪ್ ಪದೇಪದೇ ಶುರುವಾಗುತ್ತದೆಂದು ‘ಆಟೊ’ದಿಂದ ‘ಮ್ಯಾನುಯಲ್’ಗೆ ತಿರುಗಿಸಿ ಮರೆತಿರುತ್ತಾರೆ. ಹಾಗಿದ್ದರೆ ಬೆಂಕಿಯ ಹೊತ್ತಿಗೆ ಹೋಸ್ ಎಳೆದರೂ ಬೇಕಾದ ಒತ್ತಡದಲ್ಲಿ ನೀರು ಬರುವುದಿಲ್ಲ. ಹೋಸ್ ಬಾಕ್ಸ್ ತೆರೆಸಿ, ಹಿತ್ತಾಳೆಯ ನಾಝಲ್ ಇದೆಯೇ ಎಂದೂ ನೋಡಿ. ಗುಜರಿ ಬೆಲೆಗೆ ಕದಿಯುವವರಿದ್ದಾರೆ.

ಚಿಕ್ಕ ಕಟ್ಟಡಗಳಲ್ಲಿ ಕಾಯಿಲೆ ಬೇರೆ. ಇರುವುದು ಒಂದೇ ಮೆಟ್ಟಿಲು, ಅದರ ಬುಡದಲ್ಲೇ ಮೀಟರ್ ಬೋರ್ಡ್, ಪಕ್ಕದಲ್ಲಿ ಚಾರ್ಜಿಗೆ ಹಾಕಿದ ಎಲೆಕ್ಟ್ರಿಕ್ ಸ್ಕೂಟರ್, ಮೇಲೆ ಬೀಗ ಬಿದ್ದ ಟೆರೇಸ್ ಬಾಗಿಲು. ಕೆಳಗೆ ಹತ್ತಿಕೊಂಡರೆ ಮೆಟ್ಟಿಲೇ ಚಿಮಣಿಯಾಗುತ್ತದೆ. 2010ರ ಫೆಬ್ರವರಿ 23ರಂದು ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡಕ್ಕೆ ಬೆಂಕಿ ಬಿದ್ದು ಒಂಬತ್ತು ಜನ ಸತ್ತಾಗಲೂ ಮುಖ್ಯವಾಗಿ ಕೊಂದದ್ದು ಹೊಗೆ. ಹಾಗಾಗಿ ಸ್ಕೂಟರ್ ಚಾರ್ಜಿಂಗ್ ಮೆಟ್ಟಿಲಿನಿಂದ ದೂರ ಹೋಗಲಿ, ಟೆರೇಸಿಗೆ ಒಳಚಿಲಕವಷ್ಟೇ ಇರಲಿ, ವೈರ್ ಹಾಯುವ ಡಕ್ಟ್‌ನ ತೂತುಗಳನ್ನು ಪ್ರತಿ ಮಹಡಿಯಲ್ಲೂ ಬೆಂಕಿ ತಡೆಯುವ ಸೀಲಂಟಿನಿಂದ ಮುಚ್ಚಿಸಿ. ಮೆಟ್ಟಿಲಲ್ಲಿ ದಟ್ಟ ಹೊಗೆಯಿದ್ದರೆ ಇಳಿಯಬೇಡಿ. ಮನೆಬಾಗಿಲು ಮುಚ್ಚಿ, ಸಂದಿಗೆ ಒದ್ದೆ ಬಟ್ಟೆ ತುರುಕಿ, 112ಕ್ಕೆ ಕರೆಮಾಡಿ, ಬಾಲ್ಕನಿಗೆ ಹೋಗಿ. ಗ್ರಿಲ್ ಬಾಗಿಲು ಬೇಕಾಗುವುದು ಆಗ.

ಬಾಡಿಗೆದಾರರು ಅಡ್ವಾನ್ಸ್ ಕೊಡುವ ಮುಂಚೆಯೇ ಈ ಮಾತೆತ್ತಿ. ಇರುವ ಗ್ರಿಲ್‌ನಲ್ಲೇ ಒಂದು ಚೌಕ ಕತ್ತರಿಸಿ ಕೀಲು ಕೂರಿಸುವುದು ವೆಲ್ಡರ್‌ಗೆ ಅರ್ಧ ದಿನದ ಕೆಲಸ. ಮಾಲೀಕರು ಒಪ್ಪಿದ್ದನ್ನು ಕರಾರಿನಲ್ಲಿ ಬರೆಸಿಕೊಳ್ಳಿ.