ಟೊಮ್ಯಾಟೊಗೆ, ಸೊಪ್ಪಿಗೆ ಯಾವ್ದು ವಾಸಿ: ಮಣ್ಣಿನ ಕುಂಡನಾ, ಪ್ಲಾಸ್ಟಿಕ್ಕಾ, ಗ್ರೋ ಬ್ಯಾಗಾ?

ಟೊಮ್ಯಾಟೊ ಹಾಕೋದಾದ್ರೆ ನನ್ನ ಓಟು ಬಟ್ಟೆ ಗ್ರೋ ಬ್ಯಾಗಿಗೇ. ಒಂದು ಗಿಡಕ್ಕೆ ಕಡಿಮೆ ಅಂದ್ರೂ 15-20 ಲೀಟರ್ ಮಣ್ಣು ಬೇಕು, ಅಷ್ಟು ದೊಡ್ಡ ಮಣ್ಣಿನ ಕುಂಡ ಎತ್ತಿಡೋದೇ ಕಷ್ಟ, ಬ್ಯಾಗಾದ್ರೆ ಹಿಡಿ ಹಿಡ್ದು ಬಿಸಿಲಿರೋ ಕಡೆ ಎಳ್ಕೊಂಡು ಹೋಗ್ಬಹುದು, ಜೊತೆಗೆ ಬೇರು ಅಂಚಿಗೆ ಬಂದಾಗ ಗಾಳಿ ತಾಗಿ ತುದಿ ಒಣಗಿ ಹಿಂದಿಂದ ಹೊಸ ಬೇರು ಕವಲೊಡೆಯುತ್ತೆ, ಪ್ಲಾಸ್ಟಿಕ್ಕಲ್ಲಾದ್ರೆ ಒಳಗೊಳಗೇ ಸುತ್ಕೊಳ್ಳುತ್ತೆ. ತೊಂದ್ರೆ ಒಂದೇ, ಬ್ಯಾಗ್ ಬೇಗ ಒಣಗುತ್ತೆ. ಒಂದಿನ ಪೂರ್ತಿ ಒಣಗಿಸಿ ಮಾರನೇ ದಿನ ಸುರಿದ್ರೆ ಕಾಯಿಗೆ ಕ್ಯಾಲ್ಸಿಯಂ ಸರಿಯಾಗಿ ತಲುಪದೆ ತಳ ಕಪ್ಪಾಗಿ ಕುಸಿಯುತ್ತೆ, ಹಾಗಾಗಿ ದಯವಿಟ್ಟು ದಿನಾ ಬೆರಳು ಇಳಿಸಿ ತೇವ ನೋಡಿ. ಅಷ್ಟು ಪುರುಸೊತ್ತಿಲ್ಲ ಅನ್ನೋರು ಪ್ಲಾಸ್ಟಿಕ್ಕೇ ತಗೊಳ್ಳಿ, ತಳದಲ್ಲಿ ತೂತು ಮಾತ್ರ ಇರ್ಲೇಬೇಕು.

ಸೊಪ್ಪಿನ ಲೆಕ್ಕ ಬೇರೆ. ರೋಸ್ಮರಿ, ಥೈಮ್‌ಗೆ ಬೇರು ಒದ್ದೆ ಇದ್ರೆ ಆಗಲ್ಲ, ಅವಕ್ಕೆ ಮಣ್ಣಿನ ಕುಂಡಾನೇ ಬೆಸ್ಟ್, ಹೆಚ್ಚಿನ ನೀರು ಗೋಡೆಯಿಂದ್ಲೇ ಆರುತ್ತೆ. ಪುದೀನಕ್ಕೆ ತೇವ ಇಷ್ಟ, ಪ್ಲಾಸ್ಟಿಕ್ ಸಾಕು, ಆದ್ರೆ ಅದನ್ನ ಒಂಟಿಯಾಗೇ ಇಡಿ, ಬೇರೆ ಗಿಡದ ಜೊತೆ ಹಾಕಿದ್ರೆ ಬಳ್ಳಿ ಬಿಟ್ಟು ಎಲ್ಲಾ ಜಾಗ ನುಂಗುತ್ತೆ. ಕೊತ್ತಂಬರಿಗೆ ಅಗಲವಾದ ಯಾವ ಡಬ್ಬಾನೂ ಆಗುತ್ತೆ, ಬೀಜ ಅಲ್ಲೇ ಹಾಕ್ಬಿಡಿ, ಕಿತ್ತು ನೆಟ್ರೆ ಸೊರಗುತ್ತೆ.