ಉಪ್ಪು, ಯೂರಿಯಾ, ಲೇಸರ್: ರಂಧ್ರಗಳಿರುವ ಟೈಟೇನಿಯಂ ಮಾಡಿ ನೋಡಿದಾಗ

ಅಷ್ಟು ಗಟ್ಟಿ ಲೋಹಕ್ಕೆ ಬೇಕೂಂತಲೇ ಯಾಕೆ ತೂತು ಮಾಡ್ತೀಯ ಅಂತ ಅಮ್ಮ ಕೇಳಿದ್ದರು. ಮೂಳೆಗೋಸ್ಕರ ಅಂದೆ. ನಮ್ಮ ಮೂಳೆಯ ಹೊರಪದರದ ಬಿಗಿತ ಸುಮಾರು 10ರಿಂದ 30 ಗಿಗಾಪಾಸ್ಕಲ್. ಟೈಟೇನಿಯಂನದು 110ರ ಹತ್ತಿರ. ಅಂಥದ್ದನ್ನು ಮೂಳೆಯೊಳಗೆ ಕೂರಿಸಿದರೆ ಭಾರದಲ್ಲಿ ಹೆಚ್ಚಿನ ಪಾಲನ್ನು ಲೋಹವೇ ಹೊತ್ತುಕೊಳ್ಳುತ್ತದೆ. ಕೆಲಸ ಕಳೆದುಕೊಂಡ ಮೂಳೆ ಸುತ್ತಲೂ ತೆಳುವಾಗುತ್ತಾ ಹೋಗುತ್ತದೆ, ಇಂಪ್ಲಾಂಟ್ ಸಡಿಲವಾಗುತ್ತದೆ. ಮೂಳೆ ಟೈಟೇನಿಯಂಗೆ ಅಂಟಿಕೊಂಡು ಬೆಳೆಯುತ್ತದೆ ಅನ್ನೋದು ಸ್ವೀಡನ್‌ನ ಸಂಶೋಧಕ ಬ್ರೋನೆಮಾರ್ಕ್ 1950ರ ದಶಕದಲ್ಲಿ ಮೊಲಗಳ ಮೇಲೆ ಕೆಲಸ ಮಾಡುವಾಗಲೇ ಕಂಡಿದ್ದು. ರಂಧ್ರಗಳಿದ್ದರೆ ಅದು ಒಳಗೂ ನುಗ್ಗಿ ಹಿಡಿಯುತ್ತದೆ. ಲೋಹದ ಬಿಗಿತವೂ ಇಳಿಯುತ್ತದೆ. ಶೇ. 60 ರಂಧ್ರ ಇದ್ದರೆ ಲೆಕ್ಕದ ಪ್ರಕಾರ ಅದು 18 ಗಿಗಾಪಾಸ್ಕಲ್ ಹತ್ತಿರ ಬಂದು ನಿಲ್ಲುತ್ತದೆ. ಅಂದರೆ ಮೂಳೆಯಷ್ಟೇ.

ಎಂ.ಟೆಕ್ ಪ್ರಾಜೆಕ್ಟಿಗೆಂದು ಶುರು ಮಾಡಿದ್ದು, ಆಮೇಲೂ ಬಿಡೋಕೆ ಮನಸ್ಸಾಗಲಿಲ್ಲ. ನಾಲ್ಕು ದಾರಿಯಲ್ಲಿ ಮಾಡಿ ನೋಡಿದ್ದೇನೆ. ಮೊದಲ ಮೂರರಲ್ಲೂ ಒಂದೇ ಅಳತೆಯ ಸಿಲಿಂಡರ್ ಆಕಾರದ ತುಂಡು: 12 ಮಿಲಿಮೀಟರ್ ವ್ಯಾಸ, 15 ಎತ್ತರ. ರಂಧ್ರವೇ ಇಲ್ಲದಿದ್ದರೆ ಅದರ ತೂಕ 7.6 ಗ್ರಾಂ. ಶೇ. 60 ರಂಧ್ರ ಅಂದರೆ 3 ಗ್ರಾಂ. ಹಾಗಾಗಿ ತಕ್ಕಡಿಯೇ ನನ್ನ ಮೊದಲ ಪರೀಕ್ಷಕ.

ಮೊದಲು ಉಪ್ಪು. ಟೈಟೇನಿಯಂ ಪುಡಿಯ ಜೊತೆ ಕಲಸಿ ಒತ್ತಿ, ಆಮೇಲೆ ಕರಗಿಸಿ ತೆಗೆದರೆ ಹರಳು ಕೂತಿದ್ದ ಜಾಗವೇ ರಂಧ್ರ. ಕಲ್ಲುಪ್ಪನ್ನು ಮಿಕ್ಸಿಗೆ ಹಾಕಿ, ಜರಡಿ ಹಿಡಿದು, 300ರಿಂದ 500 ಮೈಕ್ರಾನ್ ಹರಳನ್ನು ಮಾತ್ರ ಇಟ್ಟುಕೊಂಡೆ. ಸುಮ್ನೆ ಕಲಸಿದರೆ ಟೈಟೇನಿಯಂ ಪುಡಿ ಕೆಳಗೆ ಇಳಿದು ಉಪ್ಪು ಮೇಲೆ ನಿಲ್ಲುತ್ತದೆ. ನಾಲ್ಕು ಹನಿ ಎಥನಾಲ್ ಹಾಕಿದರೆ ಪುಡಿ ಪ್ರತಿ ಹರಳಿಗೂ ಮೆತ್ತಿಕೊಳ್ಳುತ್ತದೆ, ರವೆ ಉಂಡೆಗೆ ಸಕ್ಕರೆ ಪುಡಿ ಹತ್ತಿದ ಹಾಗೆ. ಆಮೇಲೆ ಅಚ್ಚಿನಲ್ಲಿ ತುಂಬಿ ಪ್ರೆಸ್ ಮಾಡಿ, ಬೆಚ್ಚಗಿನ ಡಿಸ್ಟಿಲ್ಡ್ ನೀರಿನಲ್ಲಿ ಬಿಡಬೇಕು.

ಇಲ್ಲಿಂದ ತಾಳ್ಮೆಯ ಕೆಲಸ. ಉಪ್ಪು 801 ಡಿಗ್ರಿಗೆ ಕರಗಿ ಹರಿಯುತ್ತದೆ, ಪುಡಿಯ ಕಣಗಳು ಒಂದಕ್ಕೊಂದು ಬೆಸೆಯೋಕೆ ತುಂಡನ್ನು ಇಡುವ ಫರ್ನೇಸ್ ಹೋಗೋದು 1200ರ ಮೇಲೆ. ಹಾಗಾಗಿ ಅದಕ್ಕೆ ಮೊದಲೇ ಅದು ಪೂರ್ತಿ ಹೊರಗೆ ಬಂದಿರಬೇಕು. ಹೋಗಿದೆಯಾ ಅಂತ ತಿಳಿಯೋಕೆ ತೊಳೆದ ನೀರನ್ನು ಸ್ವಲ್ಪ ತೆಗೆದು ಸಿಲ್ವರ್ ನೈಟ್ರೇಟ್ ಒಂದು ಹನಿ ಬಿಡುತ್ತಿದ್ದೆ. ಮೊದಲ ದಿನ ಮಜ್ಜಿಗೆಯ ಹಾಗೆ ಬೆಳ್ಳಗಾಯಿತು. ಎರಡನೇ ದಿನ ತಿಳಿಯಾದ ಗಂಜಿ. ಮೂರನೇ ದಿನ ಸಂಜೆ ಹನಿ ಬಿದ್ದರೂ ನೀರು ನೀರಾಗೇ ಉಳಿಯಿತು. ಆ ಹೊತ್ತಿನ ಖುಷಿ ನನಗೆ ಇವತ್ತಿಗೂ ನೆನಪಿದೆ. ಉಪ್ಪು ಕಮ್ಮಿ ಹಾಕಿ ಅರ್ಧಕ್ಕಿಂತ ಕೆಳಗಿನ ರಂಧ್ರಕ್ಕೆ ಹೋದಾಗ ಮಾತ್ರ ಸೋತೆ. ಹರಳುಗಳು ಒಂದಕ್ಕೊಂದು ತಾಗದೆ ಒಂಟಿಯಾಗಿ ಒಳಗೇ ಉಳಿದುಬಿಡುತ್ತವೆ. ಅಲ್ಲಿಗೆ ನೀರು ತಲುಪೋದಿಲ್ಲ.

ಎರಡನೆಯದು, ಉಪ್ಪಿನ ಬದಲು ಯೂರಿಯಾ. ಅದು ನೀರಿನಲ್ಲಿ ಬಹಳ ಬೇಗ ಕರಗುತ್ತದೆ. ಕರಗುವಾಗ ಶಾಖ ಎಳೆದುಕೊಳ್ಳುವುದರಿಂದ ಬೀಕರ್ ಮುಟ್ಟಿದರೆ ಕೈ ತಣ್ಣಗಾಗುತ್ತದೆ. ಆದರೆ ಹರಳು ಮೆತ್ತಗೆ. ಪ್ರೆಸ್ಸಿನಲ್ಲಿ ಚಪ್ಪಟೆಯಾಗಿ ರಂಧ್ರಗಳೆಲ್ಲ ಅವಲಕ್ಕಿಯ ಆಕಾರಕ್ಕೆ ಬಂದವು, ಒಂದು ದಿಕ್ಕಿನಲ್ಲಿ ತುಂಡು ದುರ್ಬಲವಾಯಿತು. ಗೊಬ್ಬರದ ಅಂಗಡಿಯ ಯೂರಿಯಾ ಬೇಡವೇ ಬೇಡ. 2015ರಿಂದ ನಮ್ಮಲ್ಲಿ ಅದಕ್ಕೆ ಬೇವಿನೆಣ್ಣೆಯ ಲೇಪನ ಕಡ್ಡಾಯ, ಆ ಎಣ್ಣೆಯ ಇಂಗಾಲ ಟೈಟೇನಿಯಂಗೆ ಸೇರಬಾರದು. ನನ್ನ ಮಟ್ಟಿಗೆ ಉಪ್ಪೇ ಮೇಲು.

ಇವೆರಡಕ್ಕೂ ಒಂದೇ ಭಯ, ಫರ್ನೇಸ್. ಬಿಸಿಯಾದ ಟೈಟೇನಿಯಂ ಸಿಕ್ಕಿದ ಆಮ್ಲಜನಕವನ್ನೆಲ್ಲ ಹೀರುತ್ತದೆ. ಗ್ರೇಡ್ 2 ಅನ್ನೋ ದರ್ಜೆಯ ಟೈಟೇನಿಯಂನಲ್ಲಿ ಅದರ ಮಿತಿ ಶೇ. 0.25 ಮಾತ್ರ. ಒಂದು ಸಲ ಬಾಗಿಲಿನ ಹಳೆಯ ಓ-ರಿಂಗ್ (ಗಾಳಿ ತಡೆಯುವ ರಬ್ಬರ್ ಬಳೆ) ಗಾಳಿ ಒಳಗೆ ಬಿಟ್ಟಿದ್ದು ಗೊತ್ತೇ ಆಗಲಿಲ್ಲ. ಬೆಳಿಗ್ಗೆ ತೆಗೆದಾಗ ಆರು ತುಂಡುಗಳೂ ಚಿನ್ನದ ಬಣ್ಣ, ಅಂಚಿನಲ್ಲಿ ನವಿಲುಗರಿಯ ನೀಲಿ. ನೋಡೋಕೆ ಎಷ್ಟು ಚೆಂದ! ಬೆರಳಲ್ಲಿ ಒತ್ತಿದೆ, ನಿಪ್ಪಟ್ಟಿನ ಹಾಗೆ ಮುರಿಯಿತು. ಮೂರು ವಾರದ ಕೆಲಸ ಅದು. ಅಲ್ಲಿಂದಾಚೆಗೆ ಸ್ಪಾಂಜ್ ಅನ್ನೋ ಕಚ್ಚಾ ಟೈಟೇನಿಯಂನ ಚೂರುಗಳನ್ನು ಸುತ್ತಲೂ ಇಡದೆ ಫರ್ನೇಸ್ ಮುಚ್ಚಿಲ್ಲ. ಬಂದ ಆಮ್ಲಜನಕವನ್ನು ಮೊದಲು ಅವೇ ಹೀರಿಕೊಳ್ಳುತ್ತವೆ.

ಮೂರನೆಯದು ಲೇಸರ್ ಪ್ರಿಂಟ್: ಪುಡಿಯನ್ನು ಪದರ ಪದರವಾಗಿ ಹರಡಿ, ಬೇಕಾದಲ್ಲಿ ಮಾತ್ರ ಲೇಸರ್‌ನಿಂದ ಕರಗಿಸೋದು. ಆ ತುಂಡು ಕೈಗೆ ಬಂದಾಗ ಇದರ ಮುಂದೆ ನಮ್ಮ ಉಪ್ಪು ಎಲ್ಲಿ ಅನ್ನಿಸಿತು. ಪ್ರತಿ ಕಡ್ಡಿ, ಪ್ರತಿ ಕಿಂಡಿ ನಾವು ಬರೆದ ಹಾಗೇ. ಇಟಲಿಯಲ್ಲಿ ಲೇಸರ್ ಬದಲು ಎಲೆಕ್ಟ್ರಾನ್ ಬೀಮ್‌ನಿಂದ ಪ್ರಿಂಟ್ ಮಾಡಿದ, ಸೊಂಟದ ಕೀಲಿಗೆ ಕೂರಿಸುವ ಕಪ್‌ಗಳು 2007ರಿಂದಲೇ ಬಳಕೆಗೆ ಬಂದವು. ಎಲ್ಲಿ ದಟ್ಟ, ಎಲ್ಲಿ ವಿರಳ ಅಂತ ನಾವೇ ಹೇಳಬಹುದಾದ್ದರಿಂದ ಭಾರ ಹೊರುವ ಕೀಲಿಗೆ ನಾನೂ ಇದನ್ನೇ ಆರಿಸುತ್ತೇನೆ. ಆದರೆ ಇದರಲ್ಲೂ ರಂಧ್ರ ತಾನಾಗೇ ಖಾಲಿ ಇರೋದಿಲ್ಲ. ಬಿಳಿ ಹಾಳೆಯ ಮೇಲೆ ತಟ್ಟಿದೆ, ಬೂದು ಪುಡಿ ಉದುರಿತು. ಅಲ್ಟ್ರಾಸಾನಿಕ್ ತೊಟ್ಟಿಯಲ್ಲಿ ಇಟ್ಟು, ಒಣಗಿಸಿ ಮತ್ತೆ ತಟ್ಟಿದೆ, ಮತ್ತೆ ಉದುರಿತು. ತೂಕ ಬದಲಾಗೋದು ನಿಲ್ಲೋವರೆಗೆ ಐದು ಸುತ್ತು ಬೇಕಾಯಿತು. ಒಂದು ಕಣ ಕೀಲಿನ ಸಂದಿಗೆ ಬಿದ್ದರೂ ಮರಳಿನ ಹಾಗೆ ಉಜ್ಜುತ್ತದೆ, ಅದಕ್ಕೇ ಈ ಹಟ. ಕಡ್ಡಿಗಳ ಕೆಳಮೈಗೆ ಅರೆಕರಗಿ ಅಂಟಿದ ಕಣಗಳು ಇದಕ್ಕೂ ಜಗ್ಗಲಿಲ್ಲ. ಅವನ್ನು ಆಸಿಡ್‌ನಲ್ಲೇ ತೆಗೆಯಬೇಕು, ಅದು ಹೈಡ್ರೋಫ್ಲೋರಿಕ್. ತರಬೇತಿ ಇಲ್ಲದವರು ಹತ್ತಿರವೂ ಹೋಗಬೇಡಿ. ಇನ್ನೊಂದು ಮಾತು: ಆ ನುಣ್ಣನೆ ಪುಡಿಗೆ ಬೆಂಕಿ ತಗುಲಿದರೆ ನೀರು ಹಾಕಲೇಬಾರದು. ಒಣ ಮರಳಿನ ಬಕೆಟ್ ಪಕ್ಕದಲ್ಲೇ ಇರಲಿ.

ನಾಲ್ಕನೆಯದು ತೀರಾ ಸರಳ. ದಪ್ಪ ಗುಂಡು ಪುಡಿಯನ್ನು ಅಚ್ಚಿನಲ್ಲಿ ಸುರಿದು, ಒತ್ತದೆ, ಹಾಗೇ ಫರ್ನೇಸಿಗೆ. ಪುಡಿಯ ನಡುವಿನ ಸಂದಿಗಳೇ ರಂಧ್ರ, ತೆಗೆಯೋಕೆ ಏನೂ ಇಲ್ಲ. ಕಿಂಡಿಗಳು ಸಣ್ಣವು, ಶೇ. 40 ದಾಟೋದು ಕಷ್ಟ, ಹಾಗಾಗಿ ಮೂಳೆಗೆ ಇದನ್ನು ನಾನು ಕೊಡೋದಿಲ್ಲ. ಆದರೆ ಫಿಲ್ಟರ್‌ಗೆ, ನೀರನ್ನು ಒಡೆದು ಹೈಡ್ರೋಜನ್ ತೆಗೆಯುವ ಪೆಮ್ ಎಲೆಕ್ಟ್ರೊಲೈಸರ್‌ಗೆ ಇಂಥ ತೆಳು ಬಿಲ್ಲೆಯೇ ಬೇಕು. ಅಲ್ಲಿ ಆಮ್ಲಜನಕ ಹೊರಡುವ ಕಡೆ ಕಾರ್ಬನ್ ಹಾಳೆ ಹಾಕಿದರೆ ತಿಂದುಹೋಗುತ್ತದೆ, ಟೈಟೇನಿಯಂ ತಡೆದು ನಿಲ್ಲುತ್ತದೆ.

ನನ್ನ ಬಿಲ್ಲೆಯನ್ನು ಕೊಳವೆಗೆ ಕೂರಿಸಿ, ಅಕ್ವೇರಿಯಂ ಪಂಪ್‌ನಿಂದ ಗಾಳಿ ಬಿಟ್ಟು ನೀರಿನಲ್ಲಿ ಮುಳುಗಿಸಿದೆ. ಒಂದು ಅಂಚಿನಲ್ಲಿ ದೊಡ್ಡ ಗುಳ್ಳೆಗಳು ಬುಳುಬುಳು ಎದ್ದವು, ಅಲ್ಲಿ ಪುಡಿ ಸರಿಯಾಗಿ ಕೂತಿರಲಿಲ್ಲ. ಅಚ್ಚನ್ನು ಮೇಜಿನ ಮೇಲೆ ಮೆಲ್ಲಗೆ ಕುಟ್ಟಿ ತುಂಬಿ, ಇನ್ನೊಂದು ಮಾಡಿದೆ. ಈ ಸಲ ಬಿಲ್ಲೆಯ ಇಡೀ ಮೈಯಿಂದ ಸಾಸಿವೆಗಿಂತ ಸಣ್ಣ ಗುಳ್ಳೆಗಳು ಒಂದೇ ಸಮನೆ ಎದ್ದವು, ನೀರು ಹಾಲಿನ ನೊರೆಯ ಹಾಗೆ ಬೆಳ್ಳಗಾಯಿತು.