ಸೇರಲು ಹೆಬ್ಬಾಗಿಲು, ಬಿಡಲು ಕಿಂಡಿ: ಮೈಸೂರಿನ ಒಂದು ಕೂಡುವಸತಿ

ಬೋಗಾದಿ ಆಚೆಗಿರುವ ಈ ಕೂಡುವಸತಿಯಲ್ಲಿ 14 ಮನೆ, ಒಂದು ದೊಡ್ಡ ಅಡುಗೆಮನೆ, ಒಂದು ಅತಿಥಿ ಕೋಣೆ. ವಾಸ ಬೇರೆ ಬೇರೆ, ರಾತ್ರಿಯೂಟ ಒಟ್ಟಿಗೆ. ತೋಟ, ಜಗಲಿ, ಗಾಳಿ-ಬೆಳಕಿಗೆ ಕೊರತೆಯಿಲ್ಲ. ಹೋದವರು ಅದನ್ನೆಲ್ಲ ಕಣ್ಣಾರೆ ನೋಡಬಹುದು. ನೋಡಬೇಕಾದ್ದು ಕರಾರು ಪತ್ರ.

ಹೊಸಬರನ್ನು ಸೇರಿಸಿಕೊಳ್ಳುವ ಕ್ರಮಕ್ಕೆ ಪೂರ್ತಿ ಅಂಕ. ಮೊದಲು ವಾರಾಂತ್ಯದ ಭೇಟಿ, ಆಮೇಲೆ ಅತಿಥಿ ಕೋಣೆಯಲ್ಲಿ ಮೂರು ತಿಂಗಳ ವಾಸ. ಅಷ್ಟು ದಿನ ಬಾಡಿಗೆ ಮತ್ತು ಊಟದ ಖರ್ಚು ಮಾತ್ರ, ಠೇವಣಿ ಕೇಳುವುದಿಲ್ಲ. ವಾರಕ್ಕೆ ಎರಡು ಅಡುಗೆ ಪಾಳಿ ಕಡ್ಡಾಯ. ಹಲಗೆಯ ಮೇಲೆ ‘ಮಂಗಳವಾರ, ಮುದ್ದೆ-ಬಸ್ಸಾರು, 20 ಜನ, ರಾಗಿ ಹಿಟ್ಟು ಎರಡೂವರೆ ಕೆಜಿ’ ಎಂದು ಬರೆದು, ಪಕ್ಕದಲ್ಲಿ ಹೊಸಬರ ಹೆಸರು, ಅದರ ಕೆಳಗೆ ಒಬ್ಬ ಹಳಬರ ಹೆಸರು ಹಾಕಿರುತ್ತಾರೆ. ಅಷ್ಟು ಹಿಟ್ಟನ್ನು ಗಂಟಿಲ್ಲದಂತೆ ತಿರುವಲು ಎರಡು ಜೊತೆ ರಟ್ಟೆ ಬೇಕು. ಯಾರ ಸ್ವಭಾವ ಏನು ಎಂಬುದು ಅಲ್ಲೇ ಗೊತ್ತಾಗುತ್ತದೆ.

ಕೊನೆಗೆ ಮತ ಎಣಿಸುವುದಿಲ್ಲ. ಬೇಡ ಎನ್ನುವವರು ಕಾರಣ ಬರೆದುಕೊಡಬೇಕು. ‘ಯಾಕೋ ಸರಿ ಕಾಣಲಿಲ್ಲ’ ಎಂದರೆ ನಡೆಯುವುದಿಲ್ಲ. ಜಾತಿ, ಮಾಂಸಾಹಾರ ಕಾರಣವಾಗುವಂತಿಲ್ಲ ಎಂದೂ ನಿಯಮವಿದೆ. ಬಾಡಿಗೆ ಮನೆ ಹುಡುಕಿ ಸುಸ್ತಾದವರಿಗೆ ಈ ಸಾಲಿನ ಬೆಲೆ ಗೊತ್ತು. ಒಂದು ಕಿವಿಮಾತು: ಈ ಮೂರು ತಿಂಗಳನ್ನು ದಸರಾ ಹೊತ್ತಿಗೆ ಇಟ್ಟುಕೊಳ್ಳಬೇಡಿ. ಆಗ ಮನೆತುಂಬ ನೆಂಟರು, ಎಲ್ಲರೂ ನಗುಮೊಗದವರೇ. ಏಪ್ರಿಲ್‌ನಲ್ಲಿ ಬೋರ್‌ವೆಲ್ ಸೊರಗಿ ಟ್ಯಾಂಕರ್ ದುಡ್ಡು ಹಂಚಿಕೊಳ್ಳುವಾಗ ಹೋಗಿ.

ತಕರಾರು ಇರುವುದು ಬಿಟ್ಟುಹೋಗುವ ನಿಯಮದಲ್ಲಿ. 1972ರಲ್ಲಿ ಶುರುವಾದ ಡೆನ್ಮಾರ್ಕಿನ ಕೂಡುವಸತಿ ಸೆಟ್ಟೆಡಾಮೆನ್‌ನಲ್ಲಿ ಮನೆಗಳು ಆಯಾ ಕುಟುಂಬದವೇ. ಹೊರಡುವವರು ಮಾರಿ ಹೋಗಬಹುದು. ಇಲ್ಲಿ ಜಾಗ, ಕಟ್ಟಡ ಎರಡೂ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿಯ ಸಂಘದ ಹೆಸರಿನಲ್ಲಿವೆ. ಸದಸ್ಯರು ಕೊಡುವುದು ವಾಸದ ಹಕ್ಕಿಗೆ ಠೇವಣಿ. ಹಾಗಾಗಿ ಹೊರಡುವಾಗ ಮಾರಲು ಕೈಯಲ್ಲಿ ಏನೂ ಇರುವುದಿಲ್ಲ, ಠೇವಣಿ ವಾಪಸ್ ಬರಬೇಕು ಅಷ್ಟೆ. ಕರಾರಿನ ಪ್ರಕಾರ 90 ದಿನದ ನೋಟಿಸ್ ಕೊಟ್ಟ ಮೇಲೂ ಅದು ಸಿಗುವುದು ಮುಂದಿನ ಸದಸ್ಯರ ಠೇವಣಿ ಬಂದಾಗ. ಗಡುವು ಇಲ್ಲ. ಅಲ್ಲಿಯವರೆಗೆ ಖಾಲಿ ಮನೆಯ ತಿಂಗಳ ಖರ್ಚೂ ಹೊರಟವರ ತಲೆಗೇ.

ಇದರ ಹಿಂದಿನ ಲೆಕ್ಕ ಅರ್ಥವಾಗುವಂಥದ್ದೇ. ವಾಚ್‌ಮನ್ ಸಂಬಳ, ಮೋಟಾರಿನ ಕರೆಂಟು ಮನೆ ಖಾಲಿಯಾಯಿತೆಂದು ಇಳಿಯುವುದಿಲ್ಲ. 14ರಲ್ಲಿ ಒಂದು ಮನೆ ಖಾಲಿಯಾದರೆ ಉಳಿದವರ ಪಾಲು ಶೇ. 8ರಷ್ಟು, ಎರಡಾದರೆ ಶೇ. 17ರಷ್ಟು ಏರುತ್ತದೆ. ಆದರೆ ಆ ಹೊರೆಯನ್ನು ಹೊರಟವರ ಮೇಲೆ ಹಾಕಿದ್ದರಿಂದ ಒಳಗಿರುವವರಿಗೆ ಅವಸರವೇ ಇಲ್ಲ. ಹೊಸಬರನ್ನು ಆರಿಸುವುದು ಒಳಗಿರುವವರು, ತಡವಾದರೆ ನಷ್ಟ ಹೊರಟವರಿಗೆ. ಹೊರಟವರ ಮೇಲಿನ ಖರ್ಚನ್ನು ಮೂರು ತಿಂಗಳಿಗೆ ನಿಲ್ಲಿಸಿ ಆಮೇಲಿನದನ್ನು ಉಳಿದ ಮನೆಗಳಿಗೆ ಹಂಚಿದರೆ ಆಯ್ಕೆ ತಾನಾಗಿ ಚುರುಕಾಗುತ್ತದೆ. ಜೊತೆಗೆ ಠೇವಣಿ ವಾಪಸಿಗೆ 180 ದಿನದ ಗಡುವು ಬೇಕು, ಅದಕ್ಕಾಗಿ ಒಂದು ಮನೆಯ ಠೇವಣಿಯಷ್ಟು ಹಣ ಎಫ್‌ಡಿಯಲ್ಲಿರಬೇಕು.

ಬಣ್ಣ, ರಿಪೇರಿ ಹೆಸರಿನ ಕಡಿತಕ್ಕೂ ಪಟ್ಟಿಯಿಲ್ಲ. ಒಳಗೆ ಹೋಗುವ ದಿನವೇ ಗೋಡೆ, ನಲ್ಲಿ, ಸೆಸ್ಕ್ ಕರೆಂಟ್ ಮೀಟರಿನ ರೀಡಿಂಗ್ ಫೋಟೊ ತೆಗೆದು ನೀವೂ ಸಂಘದವರೂ ಸಹಿ ಹಾಕಿಟ್ಟುಕೊಳ್ಳಿ. ಸದಸ್ಯರು ತೀರಿಕೊಂಡರೆ ಠೇವಣಿ ನಾಮಿನಿಗೆ ಎಂದಿದೆ. ನಾಮಿನಿ ಎಂದ ಮಾತ್ರಕ್ಕೆ ವಾರಸುದಾರರಾಗುವುದಿಲ್ಲ, ಮಕ್ಕಳು ಇಬ್ಬರಿಗಿಂತ ಹೆಚ್ಚಿದ್ದರಂತೂ ವಿಲ್ ಬರೆದಿಡುವುದು ಲೇಸು.

ಎರಡು ಮೂರು ವರ್ಷ ಇದ್ದು ನೋಡೋಣ ಎನ್ನುವವರಿಗೆ ಇದು ಬೇಡ. ಇಲ್ಲೇ ನೆಲೆಸುವ ನಿವೃತ್ತರು ಯೋಚಿಸಬಹುದು, ಆದರೆ ಸಹಿಗೆ ಮೊದಲು ಹಿಂದಿನ ವರ್ಷದ ಆಡಿಟ್ ವರದಿ ಕೇಳಿ ಪಡೆಯಿರಿ. ಸದಸ್ಯರ ಠೇವಣಿ ಎಷ್ಟು, ಬ್ಯಾಂಕಿನಲ್ಲಿರುವುದು ಎಷ್ಟು ಎಂಬ ಎರಡು ಸಾಲನ್ನು ಪಕ್ಕಪಕ್ಕ ಇಟ್ಟು ನೋಡಿ. ಬಹುಪಾಲು ಕಟ್ಟಡಕ್ಕೆ ಹೋಗಿರುವುದು ಸಹಜ. ಒಂದು ಮನೆಯ ಠೇವಣಿಯಷ್ಟೂ ಬ್ಯಾಂಕಿನಲ್ಲಿ ಇಲ್ಲದಿದ್ದರೆ, ಗಡುವಿನ ಷರತ್ತು ಸೇರಿಸುವವರೆಗೆ ಚೆಕ್ ಕೊಡಬೇಡಿ.